ಗುಂಡಿ ಒತ್ತಿದರೆ ಜೀತ ಹೋಗುವುದೆ?

ಜಾತಿ ಪದ್ಧತಿಯಿಂದ ದೇಶಕ್ಕೆ ಲಾಭವೇನು? ಶಾಗ್ಯದ ಯಾವ ಕೇರಿಯಲ್ಲಾದರೂ ನಿಂತು ಈ ಪ್ರಶ್ನೆ ಕೇಳಿದರೆ, ಕೇಳಿದವನಿಗೆ ತಕ್ಕ ಉತ್ತರ ಅಲ್ಲೇ ಸಿಕ್ಕೀತು. ಆದರೆ ಇದಕ್ಕೆ ಅಂಕಿಯಲ್ಲಿ, ಲೆಕ್ಕದಲ್ಲಿ ಉತ್ತರ ಹೇಳುವ ಒಂದು ಆಟ ಲೋಕದಲ್ಲಿದೆ. ಅದರ ಹೆಸರು ಸಿವಿಲೈಜೇಷನ್, ಎಂದರೆ ನಾಗರಿಕತೆ. ಅಮೆರಿಕದ ಸಿಡ್ ಮೈಯರ್ ಎಂಬಾತ 1991ರಲ್ಲಿ ಇದನ್ನು ಹೊರತಂದ. ಆಮೇಲೆ ಒಂದರ ಹಿಂದೊಂದು ಆವೃತ್ತಿ ಬಂದವು. 2005ರ ನಾಲ್ಕನೆಯ ಆವೃತ್ತಿಯಲ್ಲಿ ರಾಜ್ಯಭಾರ, ನ್ಯಾಯ, ಶ್ರಮ, ಆರ್ಥಿಕತೆ, ಧರ್ಮ ಎಂಬ ಐದು ಪಟ್ಟಿಗಳಿವೆ. ಪ್ರತಿಯೊಂದು ಪಟ್ಟಿಯಿಂದಲೂ ಆಡುವವನು ಒಂದನ್ನು ಆರಿಸಿಕೊಳ್ಳಬೇಕು. ಶ್ರಮದ ಪಟ್ಟಿಯಲ್ಲಿ ಏನೇನಿದೆ ನೋಡಿ: ಬುಡಕಟ್ಟು ಪದ್ಧತಿ, ಗುಲಾಮಗಿರಿ, ಬಿಟ್ಟಿ ಊಳಿಗ, ಜಾತಿ ಪದ್ಧತಿ, ವಿಮೋಚನೆ. ಗುಲಾಮಗಿರಿಯನ್ನು ಆರಿಸಿದರೆ ಊರಿನ ಜನಸಂಖ್ಯೆಯಲ್ಲಿ ಕೆಲವು ತಲೆ ಬಲಿಕೊಟ್ಟು ಅರ್ಧ ಕಟ್ಟಿದ ಕಟ್ಟಡವನ್ನು ಕೂಡಲೇ ಮುಗಿಸಿಕೊಳ್ಳಬಹುದು. ಜಾತಿ ಪದ್ಧತಿಯನ್ನು ಆರಿಸಿದರೆ ಒಂದು ಪಟ್ಟಣದಲ್ಲಿ ವಿದ್ವಾಂಸರನ್ನೂ ಕಲಾವಿದರನ್ನೂ ವರ್ತಕರನ್ನೂ ಮಿತಿಯಿಲ್ಲದೆ ನೇಮಿಸಬಹುದು!

ವಾಚಕರು ಇನ್ನೊಂದು ಮಾತನ್ನೂ ಕೇಳಬೇಕು. ಈ ಆಟದಲ್ಲಿ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋಗುವಾಗ ರಾಜ್ಯದಲ್ಲಿ ಸ್ವಲ್ಪ ಕಾಲ ಅರಾಜಕತೆ ಉಂಟಾಗುತ್ತದೆ. ಆದರೆ ಆಧ್ಯಾತ್ಮಿಕ ಗುಣವುಳ್ಳ ನಾಯಕರಿಗೆ ಆ ಕಾಟವಿಲ್ಲ. ಭಾರತದ ನಾಯಕರಾಗಿ ಅಲ್ಲಿ ನಿಂತಿರುವವರು ಅಶೋಕ ಮತ್ತು ಗಾಂಧೀಜಿ. ಇಬ್ಬರಿಗೂ ಆ ಗುಣವನ್ನು ದಯಪಾಲಿಸಿದ್ದಾರೆ. ಅಂದರೆ ಗಾಂಧೀಜಿಯವರ ಕೈಯಿಂದ, ಒಂದು ದಿನದ ಗಲಭೆಯೂ ಇಲ್ಲದೆ, ಭಾರತದಲ್ಲಿ ಜಾತಿ ಪದ್ಧತಿಯನ್ನು ಸ್ಥಾಪಿಸಬಹುದು. ಬೇಡವೆನಿಸಿದರೆ ತೆಗೆಯಲೂಬಹುದು. ಹಳೆಯ ಅಂಗಿ ಬಿಚ್ಚಿ ಹೊಸದು ತೊಟ್ಟಂತೆ!

ಪಕ್ಷದ ಕೆಲವು ಮಿತ್ರರು ನನ್ನನ್ನು ಕೇಳಿದರು: ಹನೂರಿನ ಕಡೆ ಕುಡಿಯುವ ನೀರಿಗೆ ಪರದಾಟ, ಕಾಡಂಚಿನ ಹೊಲಕ್ಕೆ ಆನೆ ಕಾಟ, ಇದನ್ನೆಲ್ಲ ಬಿಟ್ಟು ಹುಡುಗರ ಆಟದ ವಿಷಯ ಪತ್ರಿಕೆಯಲ್ಲಿ ಏಕೆ? ಕೇಳಬೇಕಾದ ಪ್ರಶ್ನೆಯೇ. ನಾನು ಮೇಷ್ಟರಾಗಿದ್ದಾಗ ಪೌರನೀತಿಯ ಪಾಠಕ್ಕೆ ನನಗಿದ್ದದ್ದು ವಾರಕ್ಕೆ ಒಂದೆರಡು ಪೀರಿಯಡ್. ಪ್ರಜಾಪ್ರಭುತ್ವ ಎಂದರೇನು ಎಂಬುದಕ್ಕೆ ಐದು ಸಾಲು ಬರೆಸುತ್ತಿದ್ದೆವು, ಹುಡುಗರು ಬಾಯಿಪಾಠ ಮಾಡುತ್ತಿದ್ದರು, ಪರೀಕ್ಷೆ ಮುಗಿದ ಮಾರನೆಯ ದಿನ ಮರೆಯುತ್ತಿದ್ದರು. ಈ ಆಟವನ್ನು ಅದೇ ಹುಡುಗ, ಶಾಗ್ಯ ಬಿಟ್ಟು ಮೈಸೂರಿಗೋ ಬೆಂಗಳೂರಿಗೋ ಓದಲು ಹೋದ ಮೇಲೆ, ರಾತ್ರಿ ಎರಡು ಗಂಟೆಯವರೆಗೆ ಕಣ್ಣು ಮಿಟುಕಿಸದೆ ಆಡುತ್ತಾನೆ. ಸರ್ಕಾರ ಎಂದರೆ ಏನು, ಅದನ್ನು ಬದಲಾಯಿಸುವವರು ಯಾರು, ಬದಲಾವಣೆಯ ಬೆಲೆ ಎಷ್ಟು ಎಂಬ ಪಾಠ ಅವನಿಗೆ ಅಲ್ಲಿ ಆಗುತ್ತಿದೆ. ಪಾಠ ಹೇಳುವವರು ಯಾರು, ಏನು ಹೇಳುತ್ತಿದ್ದಾರೆ ಎಂದು ವಿಚಾರಿಸುವುದು ಸಮಾಜವಾದಿಗಳ ಕೆಲಸವಲ್ಲವೆ? ಇಂಥ ಆಟಗಳಿಂದ ಯುವಕರಿಗೆ ಇತಿಹಾಸ ತಿಳಿಯುತ್ತದೆ, ರಾಜನೀತಿ ಬರುತ್ತದೆ ಎಂದು ಹೊಗಳುವ ವಿದ್ಯಾವಂತರೂ ಇದ್ದಾರೆ. ಅವರಿಗೂ ಒಂದು ಉತ್ತರ ಬೇಕು.

ಆಟದ ಯಂತ್ರ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 1991ರ ಆಟದಲ್ಲಿ ನಿರಂಕುಶ ಆಳ್ವಿಕೆ, ರಾಜಪ್ರಭುತ್ವ, ಗಣರಾಜ್ಯ, ಕಮ್ಯೂನಿಸಂ, ಪ್ರಜಾಪ್ರಭುತ್ವ ಎಂಬ ಆಯ್ಕೆಗಳಿದ್ದವು. ಪ್ರಜಾಪ್ರಭುತ್ವದಲ್ಲಿ ವ್ಯಾಪಾರ ಹೆಚ್ಚು. ಆದರೆ ಸೈನ್ಯ ಹೊರಗೆ ಹೋದರೆ ಜನ ಗೊಣಗುತ್ತಾರೆ. ಹಾಗಾಗಿ ಯುದ್ಧ ಮಾಡಬೇಕಾದವನು ಬೇರೊಂದನ್ನು ಆರಿಸಿಕೊಳ್ಳುತ್ತಾನೆ. 2016ರ ಆರನೆಯ ಆವೃತ್ತಿಯಲ್ಲಿ ಇದು ಇಸ್ಪೀಟಿನ ಎಲೆಗಳಂತಾಯಿತು. ಒಂದೊಂದು ಸರ್ಕಾರಕ್ಕೂ ಇಷ್ಟು ಮನೆ. ಸೈನ್ಯದ ಎಲೆ, ಅರ್ಥನೀತಿಯ ಎಲೆ, ರಾಜತಂತ್ರದ ಎಲೆ ಎಂದು ಅವುಗಳಲ್ಲಿ ಇಡಬೇಕು. ಅರ್ಥನೀತಿಯ ಎಲೆಗಳಲ್ಲಿ ಊಳಿಗದ್ದೂ ಒಂದು. ಆಟದಲ್ಲಿ ಹೊಲ, ಗಣಿ ಮಾಡುವ ಒಬ್ಬ ಕೆಲಸಗಾರ ಇರುತ್ತಾನೆ. ಮೂರು ಕೆಲಸ ಮುಗಿಸಿದ ಕೂಡಲೆ ಆತ ಮಾಯವಾಗುತ್ತಾನೆ. ಊಳಿಗದ ಎಲೆ ಇಟ್ಟರೆ ಹೊಸದಾಗಿ ಬಂದ ಕೆಲಸಗಾರ ಐದು ಕೆಲಸ ಮಾಡಿ ಆಮೇಲೆ ಮಾಯವಾಗುತ್ತಾನೆ. ಅವನಿಗೆ ಮನೆಯಿಲ್ಲ, ಮಕ್ಕಳಿಲ್ಲ, ಸಂಜೆಯ ಹಿಟ್ಟಿಲ್ಲ, ಕೂಲಿಯಿಲ್ಲ. ಧಣಿಗಳ ಕನಸಿನ ಆಳು ಕೊನೆಗೂ ಹುಟ್ಟಿದ್ದಾನೆ ಎನ್ನಬೇಕು.

ಜಾತಿ, ಜೀತ, ಊಳಿಗ, ಪ್ರಜಾಪ್ರಭುತ್ವ ಎಲ್ಲವೂ ಇಲ್ಲಿ ಒಂದೇ ಅಂಗಡಿಯ ಸರಕು, ಒಂದೇ ತಕ್ಕಡಿಯಲ್ಲಿ ತೂಗುವ ಸರಕು. ತಕ್ಕಡಿ ಹಿಡಿದವನು ಯಾರು? ಆತ ಜಮೀನ್ದಾರನಲ್ಲ, ಒಕ್ಕಲಲ್ಲ, ಮೇಲುಜಾತಿಯವನಲ್ಲ, ಕೆಳಜಾತಿಯವನಲ್ಲ. ಸಾವಿರಾರು ವರ್ಷ ಸಾಯದೆ ಕುಳಿತಿರುವ ಒಂದು ಕೈ. ಆ ಕೈಗೆ ಯಾವ ವರ್ಗವೂ ಇಲ್ಲ, ಯಾವ ಹಿತಾಸಕ್ತಿಯೂ ಇಲ್ಲ. ದೇಶದ ಅಭಿವೃದ್ಧಿಯೊಂದೇ ಅದರ ಗುರಿ. ಈ ಮಾತನ್ನು ನಾವು ಎಲ್ಲೋ ಕೇಳಿದಂತಿದೆಯಲ್ಲ! ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ಆಳುವ ಪಕ್ಷಗಳೆಲ್ಲ ಆಡಿದ ಮಾತು ಇದೇ ಅಲ್ಲವೆ? ನಮ್ಮ ತಕರಾರಿನ ತಿರುಳು ಇಷ್ಟು. ಸರ್ಕಾರವೆಂಬುದು ವರ್ಗಗಳ ಮೇಲೆ ತೇಲುವ ನಿಷ್ಪಕ್ಷಪಾತದ ಕೈ, ಸಮಾಜ ಆ ಕೈ ಆರಿಸಿದಂತೆ ಬದಲಾಗುತ್ತದೆ ಎಂಬ ಸುಳ್ಳನ್ನು ಈ ಆಟ ರಕ್ತಕ್ಕೆ ಇಳಿಸುತ್ತದೆ.

ಅಷ್ಟು ಹೇಳಿ ಸುಮ್ಮನಾದರೆ ಅನ್ಯಾಯವಾದೀತು. ಇದಕ್ಕಿಂತ ತಿಳಿವಳಿಕೆಯ ಆಟಗಳೂ ಇವೆ. ಸ್ವೀಡನ್ ದೇಶದ ಪ್ಯಾರಡಾಕ್ಸ್ ಕಂಪನಿಯವರು 2022ರಲ್ಲಿ ತಂದ ವಿಕ್ಟೋರಿಯಾದ ಮೂರನೆಯ ಆವೃತ್ತಿಯನ್ನು ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ನನಗೆ ತೋರಿಸಿದ. "ಇದ್ರಲ್ಲಿ ನಿಮ್ ವರ್ಗ ಸಂಘರ್ಷವೂ ಅದೆ ನೋಡಿ ಮೇಷ್ಟ್ರೇ" ಎಂದ. ನೋಡಿದೆ. ಇದೆ. ಆಟ 1836ರಿಂದ 1936ರವರೆಗೆ ನಡೆಯುತ್ತದೆ. ಜಮೀನ್ದಾರರು, ಕೈಗಾರಿಕೆಯ ಧಣಿಗಳು, ಸೈನ್ಯ, ಮಠ-ಮಂದಿರದವರು, ಬುದ್ಧಿಜೀವಿಗಳು, ಸಣ್ಣ ವರ್ತಕರು, ಹಳ್ಳಿಗರು, ಕಾರ್ಮಿಕ ಸಂಘಗಳು ಎಂದು ಎಂಟು ಹಿತಾಸಕ್ತಿಗಳನ್ನು ಹೆಸರಿಸಿ, ಯಾರ ಕೈಯಲ್ಲಿ ಎಷ್ಟು ಬಲ ಎಂದು ಅಳೆದು ತೋರಿಸುತ್ತಾರೆ. ಊಳಿಗವನ್ನು ರದ್ದು ಮಾಡಬೇಕೆಂದರೆ ಸಾಮಾನ್ಯವಾಗಿ ಸರ್ಕಾರದಲ್ಲಿ ಕುಳಿತ ಯಾವುದಾದರೂ ಒಂದು ಗುಂಪು ಅದನ್ನು ಬಯಸಬೇಕು. ಜಮೀನ್ದಾರರು ಅಡ್ಡಗಾಲು ಹಾಕುತ್ತಾರೆ. ಮಸೂದೆ ಮುಂದೆ ಹೋಗಬಹುದು, ಚರ್ಚೆಯಲ್ಲಿ ಸಿಕ್ಕಿಬೀಳಬಹುದು, ನಿಂತೂ ಹೋಗಬಹುದು. ಮತದಾನದಲ್ಲಿ ಭೂಮಿಯಿದ್ದವರಿಗೆ ಮಾತ್ರ, ಹಣವಿದ್ದವರಿಗೆ ಮಾತ್ರ, ಎಲ್ಲರಿಗೂ ಎಂದು ಮೆಟ್ಟಿಲುಗಳಿವೆ. ಸಾಲದ ಜೀತ ಎಂಬ ಕಾನೂನೂ ಇದೆ. ಬಡ ಬೇಸಾಯಗಾರರಲ್ಲಿ ಹೆಚ್ಚಿನವರು ರಾಜಕೀಯದಲ್ಲಿ ಲೆಕ್ಕಕ್ಕೇ ಇಲ್ಲದವರಾಗಿ ಮೂಕರಾಗಿರುತ್ತಾರೆ ಎಂಬುದನ್ನೂ ಆಟ ಬಲ್ಲದು. ನಾನು ಮಕ್ಕಳಿಗೆ ಓದಿಸಿದ ಚರಿತ್ರೆಯ ಪುಸ್ತಕದಲ್ಲಿ ಅರಸರು ಕೆರೆ ಕಟ್ಟಿಸಿದರು, ಸಾಲುಮರ ನೆಡಿಸಿದರು ಎಂದಷ್ಟೇ ಇತ್ತು. ಅದಕ್ಕಿಂತ ಇದು ಎಷ್ಟೋ ವಾಸಿ.

ಆದರೂ ಇಲ್ಲಿಯೂ ಮಸೂದೆ ಪಾಸಾದ ದಿನ ಊಳಿಗ ಮುಗಿಯಿತು. ರಾಜ್ಯದ ಈ ಮೂಲೆಯಿಂದ ಆ ಮೂಲೆಯವರೆಗೆ, ಒಂದೇ ದಿನ. ಈ ಒಂದು ಮಾತನ್ನು ನಮ್ಮ ಸೀಮೆಯ ಅನುಭವದ ಮುಂದೆ ಇಟ್ಟು ನೋಡೋಣ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಕಂಪನಿ ಸರ್ಕಾರದ ಪಾಲಾಯಿತು, ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರ ತನಕ ಶಾಗ್ಯದವರು ಮದರಾಸು ಸರ್ಕಾರದ ಪ್ರಜೆಗಳು. ರೈತವಾರಿ ಪಟ್ಟೆ, ಮದರಾಸಿನ ಕಂದಾಯ. ಮಗ್ಗುಲಲ್ಲೇ ಯಳಂದೂರು ಮೈಸೂರಿನಲ್ಲಿ ಉಳಿಯಿತು. ಅದನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಾಗೀರಾಗಿ ಕೊಟ್ಟರು. ಒಂದೇ ಭಾಷೆ, ಒಂದೇ ರಾಗಿ, ಒಂದೇ ಮಾದಪ್ಪನ ಪರಸೆ. ಗಾಡಿಯಲ್ಲಿ ಹೊರಟರೆ ಸಂಜೆಯೊಳಗೆ ತಲಪುವ ದಾರಿ. ಆದರೆ ಈ ಕಡೆ ಕಲೆಕ್ಟರನ ರಾಜ್ಯ, ಆ ಕಡೆ ಜಾಗೀರುದಾರರ ರಾಜ್ಯ. ಇದನ್ನು ಯಾವ ಒಕ್ಕಲು ಆರಿಸಿದ? ಶ್ರೀರಂಗಪಟ್ಟಣದ ಕೋಟೆ ಮುರಿದವರು ನಕ್ಷೆಯ ಮೇಲೆ ಗೆರೆ ಎಳೆದರು, ಗೆರೆಯ ಈಚೆಗೆ ಒಂದು ಸಮಾಜ, ಆಚೆಗೆ ಇನ್ನೊಂದು. ಆಟದಲ್ಲಿರುವ ಆ ವರ್ಗವಿಲ್ಲದ ಕೈಗೆ ನಿಜವಾದ ಹೆಸರು ಬೇಕಾದರೆ ಇಲ್ಲಿ ಸಿಗುತ್ತದೆ: ಈಸ್ಟ್ ಇಂಡಿಯಾ ಕಂಪನಿ.

ಇನ್ನು ಭೂಸುಧಾರಣೆ. 1961ರಲ್ಲಿ ಕಾನೂನು ಬರೆದರು. ಜಾರಿಗೆ ಬಂದದ್ದು 1965ರಲ್ಲಿ. ನಡುವಿನ ನಾಲ್ಕು ವರ್ಷ ಧಣಿಗಳು ಕೈಕಟ್ಟಿ ಕುಳಿತಿರಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಏಳನೆಯ ನಮೂನೆಯ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ತಾನು ಗೇಣಿದಾರನೆಂದು ತೋರಿಸಬೇಕಾಯಿತು. ಇದು ದೊಡ್ಡ ಕಾನೂನು, ಅದನ್ನು ನಾನು ಹಗುರ ಮಾಡುವುದಿಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಎಷ್ಟೋ ಮನೆಗಳ ಹಣೆಬರಹ ಅದರಿಂದ ಬದಲಾಯಿತು. ಅಲ್ಲಿ ಗೇಣಿ ಹಳೆಯದು, ದೊಡ್ಡದು. ಅದಕ್ಕಿಂತ ಮುಖ್ಯವಾಗಿ ಗೇಣಿದಾರರ ಸಂಘಟನೆ ಇತ್ತು. ನಮ್ಮಂಥ ಮಳೆಯಾಧಾರದ ಸೀಮೆಯಲ್ಲಿ ಏನಾಯಿತು? ಇಲ್ಲಿ ಗೇಣಿ ಕಡಿಮೆ, ಇದ್ದದ್ದೂ ವಾರಕ್ಕೆ ಮಾಡುವ ಬೇಸಾಯ; ಬಾಯಿಮಾತಿನ ಒಪ್ಪಂದ, ಪಹಣಿಯಲ್ಲಿ ಹೆಸರಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನು ಕಾನೂನಿನ ಕಣ್ಣಿಗೆ ಬೀಳಲೇ ಇಲ್ಲ. ಜಮೀನೇ ಇಲ್ಲದೆ ಬೇರೆಯವರ ಹೊಲದಲ್ಲಿ ದುಡಿದವನಿಗೆ ಆ ಕಾನೂನಿನಿಂದ ದಕ್ಕಿದ್ದು ಕಡಿಮೆ. ಕಾನೂನು ಒಂದೇ, ದಿನಾಂಕ ಒಂದೇ. ಸಾಗರದಲ್ಲಿ ಒಂದು ಫಲ, ಹನೂರಿನಲ್ಲಿ ಇನ್ನೊಂದು. ಆಟದ ಯಂತ್ರಕ್ಕೆ ಇದನ್ನು ಲೆಕ್ಕ ಹಾಕಲು ಬರುವುದಿಲ್ಲ. ಬರುವುದಿಲ್ಲ ಎಂದರೆ ತಪ್ಪು. ಅದರ ಕರ್ತೃಗಳಿಗೆ ಬೇಕಾಗಿಲ್ಲ.

ಜೀತದ ಮಾತೂ ಹೀಗೆಯೇ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ. ಕಾಗದದ ಮೇಲೆ ಜೀತದ ಸಾಲವೆಲ್ಲ ಆ ದಿನವೇ ಅಳಿಸಿತು. ಆದರೆ ಜೀತಗಾರ ಮಾರನೆಯ ಬೆಳಿಗ್ಗೆ ಎದ್ದು ಹೋಗಬೇಕಾದದ್ದು ಯಾರ ಮನೆಗೆ? ಅವನ ಗುಡಿಸಲು ಯಾರ ಜಾಗದಲ್ಲಿತ್ತು? ಮಗಳ ಮದುವೆಗೆ ಮತ್ತೆ ಸಾಲ ಕೊಡುವವನು ಯಾರು? ಜಿಲ್ಲಾಧಿಕಾರಿಯಿಂದ ಬಿಡುಗಡೆ ಪತ್ರ ಪಡೆಯಬೇಕಾದರೆ ಮೊದಲು ನಾನು ಜೀತದಾಳು ಎಂದು ಬಾಯಿಬಿಟ್ಟು ಹೇಳಬೇಕು. "ಬುದ್ಧೀ" ಎಂದು ತಲೆಬಾಗಿಸಿ ಬೆಳೆದವನು ಅದನ್ನು ಧಣಿಯ ಎದುರಿಗೇ ಹೇಳಬೇಕು. ಜೀತ ನಿಂತ ಊರಿನಲ್ಲೆಲ್ಲ ಅದು ನಿಂತದ್ದು ಹಾಗೆ ಹೇಳಿದವನೊಬ್ಬ ಇದ್ದದ್ದರಿಂದ, ಅವನ ಬೆನ್ನಿಗೆ ಹತ್ತು ಜನ ನಿಂತದ್ದರಿಂದ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಬಲವಾದ ಆಕ್ಷೇಪಣೆ. ಮೈಸೂರು ಸಂಸ್ಥಾನದಲ್ಲಿ ಸುಧಾರಣೆ ಬಂದದ್ದು ಮೇಲಿನಿಂದಲೇ ಅಲ್ಲವೆ? 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು, 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು, ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಮೀಸಲಾತಿ ಕೊಟ್ಟರು. ಒಳ್ಳೆಯ ಕೈ ಇದ್ದರೆ ಸಾಕು, ಆಟ ಹೇಳುವುದು ನಿಜ ಎನ್ನುತ್ತಾರೆ. ಸ್ವಲ್ಪ ಹತ್ತಿರ ಹೋಗಿ ನೋಡಿ. 1881ರ ಸಭೆಗೆ ಬಂದ 144 ಮಂದಿ ಯಾರು? ಜಮೀನುಳ್ಳವರು ಮತ್ತು ವರ್ತಕರು. ಶಿವನಸಮುದ್ರದ ವಿದ್ಯುತ್ತು ಹೊರಟದ್ದು ಎಲ್ಲಿಗೆ? ಕೋಲಾರದ ಚಿನ್ನದ ಗಣಿಗೆ, ಇಂಗ್ಲಿಷ್ ಕಂಪನಿಯ ಯಂತ್ರಗಳಿಗೆ. ಭರಚುಕ್ಕಿಯ ಮೊರೆತ ಕೇಳುವ ನಮ್ಮ ಹಳ್ಳಿಗಳಲ್ಲಿ ಆಮೇಲೆ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ಮೀಸಲಾತಿಯ ಹಿಂದೆ 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯ ಒತ್ತಾಯವಿತ್ತು. ಮಿಲ್ಲರ್ ಸಮಿತಿ ನೇಮಕವಾದದ್ದು ಅದಾದ ಮೇಲೆ, 1918ರಲ್ಲಿ. ಅರಸರ ಒಳ್ಳೆಯತನವನ್ನು ನಾನು ಅಲ್ಲಗಳೆಯುವುದಿಲ್ಲ. ಒಳ್ಳೆಯತನವನ್ನು ಕೆಳಗಿನಿಂದ ತಟ್ಟಿ ಎಬ್ಬಿಸಿದವರಿದ್ದರು ಎಂಬುದನ್ನು ಮರೆಯಬಾರದು, ಅಷ್ಟೆ.

ಮೈಸೂರಿನಲ್ಲಿ ಸರ್ಕಾರವೇ ಬದಲಾದ ಸಂದರ್ಭಗಳನ್ನು ನೋಡಿ. 1830-31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹಿಂಸೆ ತಾಳಲಾರದೆ ಕೂಟ ಕಟ್ಟಿದರು, ದಂಗೆಯೆದ್ದರು. ಆ ದಂಗೆಯನ್ನೇ ನೆಪ ಮಾಡಿಕೊಂಡು 1831ರಲ್ಲಿ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಕಂಪನಿಯ ಕೈಗೆ ತೆಗೆದುಕೊಂಡ. ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ. ಹೋರಾಡಿದವರು ಒಬ್ಬರು, ರಾಜ್ಯ ಸಿಕ್ಕಿದ್ದು ಇನ್ನೊಬ್ಬರಿಗೆ. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರಲಿಲ್ಲ. ಮೈಸೂರು ಚಲೋ ನಡೆಯಬೇಕಾಯಿತು, ಜೈಲು ತುಂಬಬೇಕಾಯಿತು, ಗೋಲಿಬಾರಾಗಬೇಕಾಯಿತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಮೈಸೂರು ನಗರದಲ್ಲಿ ರಾಮಸ್ವಾಮಿ ವೃತ್ತ ದಾಟಿ ಕಾಲೇಜಿಗೆ ಹೋಗುವ ಹುಡುಗರು, ಆ ರಾಮಸ್ವಾಮಿ ಯಾರು ಎಂದು ಒಮ್ಮೆ ಕೇಳಿಕೊಳ್ಳಲಿ. ಅವರ ಹಾಗೆಯೇ ಒಬ್ಬ ವಿದ್ಯಾರ್ಥಿ. ಆ ಚಳವಳಿಯಲ್ಲಿ ಗುಂಡಿಗೆ ಬಿದ್ದವನು. ಆಟದ ಭಾಷೆಯಲ್ಲಿ ಇದಕ್ಕೆ ಅರಾಜಕತೆ ಎಂದು ಹೆಸರು: ಆಡುವವನಿಗೆ ಆದ ನಷ್ಟ, ಬೇಗ ಕಳೆದರೆ ಸಾಕೆನಿಸುವ ಅನಿಷ್ಟ. ನಮ್ಮ ಭಾಷೆಯಲ್ಲಿ ಅದೇ ಇತಿಹಾಸ.

ಕಾಗೋಡನ್ನು ನೆನೆಯದೆ ಸಮಾಜವಾದಿ ಪತ್ರಿಕೆಯಲ್ಲಿ ಈ ಲೇಖನ ಮುಂದೆ ಹೋಗದು. 1951ರಲ್ಲಿ ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಜಗಳ ಶುರುವಾದದ್ದು ಒಂದು ಕೊಳಗದಿಂದ. ಗೇಣಿಯ ಭತ್ತ ಅಳೆದುಕೊಳ್ಳಲು ಧಣಿಗಳು ಹಿಡಿಯುತ್ತಿದ್ದದ್ದು ವಾಡಿಕೆಯದಕ್ಕಿಂತ ದೊಡ್ಡ ಕೊಳಗ. ಗೇಣಿದಾರರು ಒಪ್ಪಲಿಲ್ಲ. ಎಚ್. ಗಣಪತಿಯಪ್ಪನವರು ಸಂಘ ಕಟ್ಟಿದರು. ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆನ್ನಿಗೆ ನಿಂತರು. ಒಕ್ಕಲೆಬ್ಬಿಸಿದ ಜಮೀನಿಗೆ ರೈತರು ನೇಗಿಲು ಹಿಡಿದು ಇಳಿದರು, ಬಂಧನವಾಯಿತು. ಜೂನ್ ತಿಂಗಳಲ್ಲಿ ಡಾ. ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು. ಕೊಳಗದ ಗಾತ್ರ! ಯಾವ ಆಟದ ಯಾವ ಪಟ್ಟಿಯಲ್ಲಿ ಇದಕ್ಕೊಂದು ಮನೆಯಿದೆ? ರಾಜ್ಯಪದ್ಧತಿ ಪ್ರಜಾಪ್ರಭುತ್ವ, ಸಂವಿಧಾನ ಜಾರಿಗೆ ಬಂದು ಒಂದು ವರ್ಷ ಕಳೆದಿದೆ. ಆದರೂ ಕಣದಲ್ಲಿ ಕೊಳಗ ಧಣಿಯದು. ಅಂದು ರೈತರಿಗೆ ಕೂಡಲೇ ಗೆಲುವು ಸಿಗಲಿಲ್ಲ. ಆದರೆ 1974ರ ಕಾನೂನಿನ ಬೇರು ಹುಡುಕಿದರೆ ಕೈಗೆ ಸಿಗುವುದು ಆ ಕಣದ ಮಣ್ಣು. ಜಾತಿಯೆಂದರೆ ಹೆಪ್ಪುಗಟ್ಟಿದ ವರ್ಗ ಎಂಬುದು ಲೋಹಿಯಾರ ವಾದವಾಗಿತ್ತು. ಕಾಗೋಡಿನಲ್ಲಿ ಉಳುವವರು ಬಹುಪಾಲು ದೀವರು, ಧಣಿಗಳು ಮೇಲುಜಾತಿಯವರು ಎಂಬುದನ್ನು ಕಂಡವರಿಗೆ ಆ ವಾದ ಬಿಡಿಸಿ ಹೇಳಬೇಕಾಗಿಲ್ಲ. ಜಾತಿಯೊಂದು ಪಟ್ಟಿ, ಶ್ರಮವೊಂದು ಪಟ್ಟಿ, ಧರ್ಮವೊಂದು ಪಟ್ಟಿ ಎಂದು ಬಿಡಿಬಿಡಿಯಾಗಿ ಆರಿಸಿಕೊಳ್ಳುವುದು ಕಂಪ್ಯೂಟರಿನಲ್ಲಿ ಮಾತ್ರ ಸಾಧ್ಯ.

ಗುಂಡಿ ಎಂಬುದು ಇಲ್ಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ಆದರೆ ಅದು ಯಾರ ಬೆರಳಿಗೆ ಸಿಗುತ್ತದೆ ನೋಡಿ. ಬೇಸಾಯಗಾರನಲ್ಲದವನು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು 2020ರ ಜುಲೈಯಲ್ಲಿ, ಕೊರೋನಾ ಕಾಲದಲ್ಲಿ ಜನ ಮನೆಯಿಂದ ಹೊರಬರಲು ಅಂಜುತ್ತಿದ್ದಾಗ, ಸುಗ್ರೀವಾಜ್ಞೆ ಹೊರಡಿಸಿ ಕಿತ್ತುಹಾಕಿದರು. ಭೂಮಿಯನ್ನು ಉಳುವವನಿಗೆ ಕೊಡಲು ಇಪ್ಪತ್ತಮೂರು ವರ್ಷ. ಕೊಳ್ಳುವವನಿಗೆ ಬಾಗಿಲು ತೆರೆಯಲು ಒಂದು ಸಹಿ.

ಇನ್ನು ಕಾಡಿನ ವಿಷಯ. ಸಿವಿಲೈಜೇಷನ್ ಆಟದಲ್ಲಿ ರಾಜ್ಯದ ಹೊರಗೆ ಇರುವ ಜನ ಎರಡು ಬಗೆ. ಒಬ್ಬರು ಅನಾಗರಿಕರು, ಅವರ ಪಾಳೆಯವನ್ನು ಸುಟ್ಟರೆ ಬಹುಮಾನ. ಇನ್ನೊಬ್ಬರು ಗುಡಿಸಲಿನ ಬುಡಕಟ್ಟಿನವರು. ಅವರ ಹತ್ತಿರ ಹೋದರೆ ಸ್ವಲ್ಪ ಚಿನ್ನವೋ ವಿದ್ಯೆಯೋ ಕೊಟ್ಟು ನಕ್ಷೆಯಿಂದ ಅಳಿಸಿಹೋಗುತ್ತಾರೆ. ಕಾಡು ಕಡಿದರೆ ಕಟ್ಟಡಕ್ಕೆ ಒಮ್ಮೆಗೇ ಇಷ್ಟು ಸಾಮಗ್ರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದರಲ್ಲಿ ಯಾವ ಬಗೆ? ಅವರು ಸುಟ್ಟೂ ಹೋಗಲಿಲ್ಲ, ಅಳಿಸಿಯೂ ಹೋಗಲಿಲ್ಲ. 1974ರಲ್ಲಿ ಅಭಯಾರಣ್ಯವಾಯಿತು, ಅವರ ಬೇಸಾಯ ನಿಂತಿತು, ಪೋಡುಗಳನ್ನು ಎಬ್ಬಿಸಿದರು. 2011ರಲ್ಲಿ ಹುಲಿ ರಕ್ಷಿತಾರಣ್ಯವೆಂದು ಘೋಷಿಸಿದರು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು, ಸಂಘ ಕಟ್ಟಿಕೊಂಡ ಸೋಲಿಗರು ತಮ್ಮ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳನ್ನು ಪಡೆದರು. ಹುಲಿ ರಕ್ಷಿತಾರಣ್ಯವೊಂದರಲ್ಲಿ ಹಾಗೆ ಪಡೆದವರಲ್ಲಿ ದೇಶಕ್ಕೇ ಅವರು ಮೊದಲಿಗರು. ಆಟ ಬರೆದವರ ನಾಗರಿಕತೆಯ ನಕ್ಷೆಯಲ್ಲಿ ಈ ಜನಕ್ಕೆ ಸ್ಥಳವಿಲ್ಲ.

ಪ್ರಜಾಪ್ರಭುತ್ವದ ಎಲೆಯ ಮಾತನ್ನೂ ಮುಗಿಸಿಬಿಡುತ್ತೇನೆ. ಆಟದಲ್ಲಿ ಜನಕ್ಕೆ ಅಸಮಾಧಾನವಾದರೆ ಒಂದು ಗುರುತು ಕಾಣುತ್ತದೆ. ಕ್ರೀಡಾಂಗಣ ಕಟ್ಟಿಸಿ, ರೇಷ್ಮೆ ಸಕ್ಕರೆಯಂಥ ಭೋಗವಸ್ತು ತರಿಸಿದರೆ ಸರಿಹೋಗುತ್ತದೆ. ನಮ್ಮ ಹನೂರು ತಾಲ್ಲೂಕಿನ ಇಂಡಿಗನತ್ತದವರು ಕೇಳಿದ್ದು ರೇಷ್ಮೆಯಲ್ಲ. ರಸ್ತೆ, ನೀರು, ವಿದ್ಯುತ್ತು. ಎಷ್ಟು ಬಾರಿ ಕೇಳಿದರೂ ಸಿಗದೆ, 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದರು. ಅಧಿಕಾರಿಗಳು ಮತ ಹಾಕಿಸಲು ಹೊರಟಾಗ ಘರ್ಷಣೆಯಾಯಿತು, ಮತಯಂತ್ರ ಒಡೆಯಿತು. ಏಪ್ರಿಲ್ 29ರಂದು ಮರುಮತದಾನ. ಊರಿನವರ ಮೇಲೆ ಮೊಕದ್ದಮೆ. ಯಂತ್ರ ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ರಸ್ತೆ ಕೇಳಿದಾಗ ಬಾರದ ಸರ್ಕಾರ, ಮತಯಂತ್ರ ಒಡೆದಾಗ ಮೂರೇ ದಿನದಲ್ಲಿ ಹೊಸ ಯಂತ್ರದೊಡನೆ ಬೆಟ್ಟ ಹತ್ತಿತಲ್ಲ, ಅದನ್ನು ಮರೆಯುವುದು ಹೇಗೆ?

ಹಾಗಾದರೆ ಆಟವನ್ನು ನಿಷೇಧಿಸಬೇಕೆ? ಛೆ, ಅದು ನಮ್ಮ ಮಾತಲ್ಲ. ಆಟಕ್ಕೆ ನಮ್ಮವರು ಹೊಸಬರೂ ಅಲ್ಲ. ದೇವಸ್ಥಾನದ ಜಗಲಿ ಕಲ್ಲುಗಳ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು ಕೊರೆದಿರುವುದನ್ನು ನೀವೆಲ್ಲ ಕಂಡಿದ್ದೀರಿ. ಹುಲಿಗಳು ಕೆಲವು, ಕುರಿಗಳು ಬಹಳ. ಒಬ್ಬ ಹುಲಿಯ ಕಡೆ, ಇನ್ನೊಬ್ಬ ಕುರಿಯ ಕಡೆ. ಕುರಿಗೆ ಹಾರಲು ಬರುವುದಿಲ್ಲ, ಕೊಲ್ಲಲು ಬರುವುದಿಲ್ಲ; ಒತ್ತಾಗಿ ನಿಂತು ಹುಲಿಗೆ ದಾರಿ ಕಟ್ಟಬೇಕು. ಕುರಿಯ ಕಡೆ ಕುಳಿತು ಗೆಲ್ಲುವ ವಿದ್ಯೆಯನ್ನು ಈ ಸೀಮೆಯ ದನಗಾಹಿ ಹುಡುಗರು ಬಲ್ಲರು. ಕೋಟಿಗಟ್ಟಲೆ ಡಾಲರು ಸುರಿದು ಮಾಡಿದ ಆಟಗಳಲ್ಲಿ ಕುರಿಯ ಕಡೆ ಕೂರಲು ಸ್ಥಳವೇ ಇಲ್ಲ.

ನಮ್ಮ ಊರುಗಳಿಂದ ಹೋಗಿ ಬೆ೦ಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಯುವಕರು ಈಗ ಬಹಳ ಮಂದಿ ಇದ್ದಾರೆ. ಅವರಿಗೆ ನನ್ನದೊಂದು ಸವಾಲು. ಏಳನೆಯ ನಮೂನೆಯ ಆಟವೊಂದನ್ನು ಮಾಡಿ. ಆಡುವವನು ವಾರಕ್ಕೆ ಉಳುವ ಒಕ್ಕಲು. ಪಹಣಿಯಲ್ಲಿ ಅವನ ಹೆಸರಿಲ್ಲ. 1979ರ ಜೂನ್ 30 ಕೊನೆಯ ದಿನ. ಅರ್ಜಿ ಬರೆಸಬೇಕು, ಬಸ್ಸಿನ ಕಾಸು ಹೊಂದಿಸಿ ತಾಲ್ಲೂಕು ಕಚೇರಿಗೆ ಹೋಗಬೇಕು, ಗುಮಾಸ್ತ ನಾಳೆ ಬಾ ಎನ್ನುತ್ತಾನೆ, ನಾಳೆ ಹೋದರೆ ಒಂದು ದಿನದ ಕೂಲಿ ಹೋಯಿತು. ಅದೆಲ್ಲ ದಾಟಿ ನ್ಯಾಯಮಂಡಳಿಯ ಮುಂದೆ ನಿಂತಾಗ, ಈ ಹೊಲವನ್ನು ಇವನೇ ಉಳುತ್ತಿದ್ದ ಎಂದು ಹೇಳಲು ಒಬ್ಬ ಸಾಕ್ಷಿ ಬೇಕು. ಊರಿನಲ್ಲಿ ಅದನ್ನು ಕಣ್ಣಾರೆ ಕಂಡವನು ಒಬ್ಬನಿದ್ದಾನೆ. ಆದರೆ ಅವನೂ ನಾಳೆ ಬೆಳಿಗ್ಗೆ ಅದೇ ಧಣಿಯ ಹೊಲಕ್ಕೆ ಕೂಲಿಗೆ ಹೋಗಬೇಕಾದವನು.